ತೊಟ್ಟಿಲ ಕೂಸು, ತಣ್ಣನೆ ಬಿಯರು: ಪ್ರವಾಸದಲ್ಲಿ ಬ್ರೂಪಬ್ ಹುಡುಕುವುದು ಹೀಗೆ

ಶನಿವಾರ ರಾತ್ರಿ ಎಂಟು ಗಂಟೆ. ಬ್ರೂಪಬ್ಬಿನ ಬಾಗಿಲಲ್ಲಿ ಒಂದು ಜೋಡಿ ನಿಂತಿದೆ. ಅಮ್ಮನ ಹೆಗಲ ಮೇಲೆ ಕೂಸು, ಅಪ್ಪನ ಕೈಯಲ್ಲಿ ಮೊಬೈಲು, ಇಬ್ಬರ ನಡುವೆ ಎಷ್ಟು ಒದ್ದರೂ ಮಡಚಿಕೊಳ್ಳದ ಸ್ಟ್ರಾಲರು, ಅಂದರೆ ಕೂಸಿನ ತಳ್ಳುಗಾಡಿ. 'ನೋಡಿ, ಮಕ್ಕಳಿಗೆ ಸೂಕ್ತ ಅಂತ ಇಲ್ಲೇ ಬರೆದಿದೆ' ಎಂದು ಅಪ್ಪ ಮೊಬೈಲು ತೋರಿಸುತ್ತಿದ್ದಾನೆ. ಬಾಗಿಲು ಕಾಯುವವನು ತಲೆ ಅಲ್ಲಾಡಿಸುತ್ತಿದ್ದಾನೆ. ಒಳಗಿಂದ ಡ್ರಮ್ಮಿನ ಸದ್ದು. ಕೂಸಿನ ಅಳು ಅದಕ್ಕಿಂತ ಜೋರು.

ಈ ನೋಟವನ್ನು ಎಷ್ಟು ಊರುಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಒಂದು ಸಲ ಆ ಅಮ್ಮ ನಾನೇ ಆಗಿದ್ದೆ. ಮೊಬೈಲು ಸುಳ್ಳು ಹೇಳಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿದ್ದರೆ ಅದೇ ಮನುಷ್ಯ ನಗುತ್ತಾ ಕೂಸನ್ನು ಕೂರಿಸುವ ಹೈ ಚೇರ್ ಎತ್ತಿಕೊಂಡು ಬರುತ್ತಿದ್ದ.

ಮೊದಲು, ಬ್ರೂಪಬ್ಬೋ ಟ್ಯಾಪ್‌ರೂಮೋ ನೋಡಿ

ಎರಡೂ ಒಂದೇ ಅಂದುಕೊಂಡವರೇ ಜಾಸ್ತಿ. ಬ್ರೂಪಬ್ ಅಂದರೆ ಅಲ್ಲೇ ಬಿಯರು ತಯಾರಿಸಿ, ಅಲ್ಲೇ ಊಟದ ಜೊತೆ ಕೊಡುವ ಜಾಗ. ಅಮೆರಿಕದ ಬಿಯರು ತಯಾರಕರ ಸಂಘ ಬ್ರೂವರ್ಸ್ ಅಸೋಸಿಯೇಷನ್ ಇದಕ್ಕೊಂದು ಗೆರೆ ಹಾಕಿದೆ. ತಯಾರಿಸಿದ ಬಿಯರಿನಲ್ಲಿ ಕನಿಷ್ಠ ಶೇ 25ರಷ್ಟು ಅಲ್ಲೇ ಮಾರಾಟ ಆಗಬೇಕು, ಊಟದ ವ್ಯವಸ್ಥೆಯೂ ಗಟ್ಟಿಯಾಗಿ ಇರಬೇಕು. ಅಷ್ಟು ಪಾಲು ಬಿಯರನ್ನು ಅಲ್ಲೇ ಮಾರಿಯೂ ಹೇಳಿಕೊಳ್ಳುವಂಥ ಊಟ ಇಲ್ಲದಿದ್ದರೆ ಅದು ಟ್ಯಾಪ್‌ರೂಮ್.

ಕೂಸು ಇರುವವರಿಗೆ ಇದು ದೊಡ್ಡ ವ್ಯತ್ಯಾಸ. ಅಡುಗೆಮನೆ ಇರುವಲ್ಲಿ ಸಾಮಾನ್ಯವಾಗಿ ಸರಿಯಾದ ಎತ್ತರದ ಮೇಜು ಇರುತ್ತದೆ, ಬಿಸಿನೀರು ಸಿಗುತ್ತದೆ, ಮಧ್ಯಾಹ್ನವೇ ಬಾಗಿಲು ತೆರೆದಿರುತ್ತದೆ. ಟ್ಯಾಪ್‌ರೂಮಿನಲ್ಲಿ ಎಷ್ಟೋ ಸಲ ಕುರ್ಚಿಯೇ ಇರುವುದಿಲ್ಲ, ಪೀಪಾಯಿಯ ಸುತ್ತ ನಿಂತು ಕುಡಿಯಬೇಕು. ಟ್ಯಾಪ್‌ರೂಮಿನ ಬಿಯರೇ ಚೆನ್ನಾಗಿರಬಹುದು, ಒಪ್ಪಿದೆ. ಕೂಸಿಗೆ ಎರಡು ವರ್ಷ ತುಂಬಿದ ಮೇಲೆ ಹೋಗಿ.

ಆ ಊರಿನ ಕಾನೂನು

ಎರಡು ನಿಮಿಷದ ಕೆಲಸ, ಆದರೆ ಬಿಡಬೇಡಿ. ಐರ್ಲೆಂಡಿನಲ್ಲಿ 15 ವರ್ಷದೊಳಗಿನ ಮಕ್ಕಳು ಅಪ್ಪ-ಅಮ್ಮನ ಜೊತೆ ಇದ್ದರೂ ರಾತ್ರಿ 9ರ ನಂತರ ಬಾರಿನಲ್ಲಿ ಇರುವಂತಿಲ್ಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಈ ಗಡುವು 10 ಗಂಟೆ. ಇಂಗ್ಲೆಂಡಿನಲ್ಲಿ ದೊಡ್ಡವರ ಜೊತೆಗಿದ್ದರೆ ಮಕ್ಕಳನ್ನು ಒಳಗೆ ಬಿಡಬಹುದು, ಆದರೆ ಪಬ್ಬಿನವರು ತಮ್ಮದೇ ಗಡುವು ಹಾಕಿಕೊಂಡಿರುತ್ತಾರೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಒಂದೇ ಕಟ್ಟಡದಲ್ಲಿ ಊಟದ ಕಡೆ ಕೂಸು ಬರಬಹುದು, ಬಾರ್ ಕೌಂಟರಿನ ಕಡೆ ಬರುವಂತಿಲ್ಲ ಎನ್ನುವ ಜಾಗಗಳೂ ಇವೆ. ಹಾಗಾಗಿ ಕೌಂಟರ್ ಪಕ್ಕ ಖಾಲಿ ಇದೆ ಅಂತ ಹೋಗಿ ಕೂರಬೇಡಿ.

ಜರ್ಮನಿಯ ಬವೇರಿಯಾಕ್ಕೆ ಹೋಗುವವರು ಮಾತ್ರ ಪುಣ್ಯವಂತರು. ಅಲ್ಲಿ 1812ರಲ್ಲಿ ರಾಜ ಒಂದನೇ ಮ್ಯಾಕ್ಸಿಮಿಲಿಯನ್ ಒಂದು ಆಜ್ಞೆ ಹೊರಡಿಸಿದ. ಬಿಯರು ತಯಾರಿಸುವವರು ತಮ್ಮ ನೆಲಮಾಳಿಗೆಯ ಮುಂದೆಯೇ ಬಿಯರು ಮಾರಬಹುದು, ಆದರೆ ಬ್ರೆಡ್ ಬಿಟ್ಟು ಬೇರೆ ಊಟ ಮಾರುವಂತಿಲ್ಲ ಎಂದ. ಜನ ಬುತ್ತಿ ಕಟ್ಟಿಕೊಂಡು ಬರಲು ಶುರುಮಾಡಿದರು. ಅಲ್ಲಿನ ಬಯಲು ಬಿಯರ್ ತೋಟಗಳಲ್ಲಿ ಆ ಪದ್ಧತಿ ಇಂದಿಗೂ ಉಳಿದಿದೆ. ನೀವೇ ಹೋಗಿ ಬಿಯರು ತಂದುಕೊಳ್ಳುವ ಕಡೆಯ ಮೇಜುಗಳಲ್ಲಿ ಕೂಸಿನ ಡಬ್ಬಿ ಬಿಚ್ಚಿದರೆ ಯಾರೂ ಮುಖ ತಿರುಗಿಸುವುದಿಲ್ಲ. ಮರದ ನೆರಳಿದೆ, ಸದ್ದು ಆಕಾಶಕ್ಕೆ ಹೋಗುತ್ತದೆ, ಎಷ್ಟೋ ಕಡೆ ಮಕ್ಕಳ ಆಟದ ಜಾಗವೂ ಇದೆ.

ಮ್ಯಾಪಿನಲ್ಲಿ ಮೂರು ಜಾಗ ಆರಿಸಿ

ಮೂರು ಸಾಕು. ರೇಟಿಂಗ್ ನೋಡಬೇಡಿ, ಅದು ಬಿಯರಿಗೆ ಕೊಟ್ಟ ಅಂಕ. ಅಂಗಡಿಯವರು ಹಾಕಿದ ಫೋಟೊ ಬಿಟ್ಟು ಗಿರಾಕಿಗಳು ತೆಗೆದ ಫೋಟೊ ನೋಡಿ. ಲೋಟ ನೋಡಬೇಡಿ, ಹಿಂದೆ ಕಾಣುವ ಕುರ್ಚಿಯ ಕಾಲು ನೋಡಿ. ಉದ್ದ ಕಾಲಿನ ಸ್ಟೂಲುಗಳೇ ಕಂಡರೆ ಆ ಜಾಗ ಬಿಡಿ. ಆಮೇಲೆ ವಿಮರ್ಶೆಗಳಲ್ಲಿ 'ಹೈ ಚೇರ್', 'ಸ್ಟ್ರಾಲರ್' ಎಂಬ ಪದಗಳನ್ನು ಆ ಊರಿನ ಭಾಷೆಯಲ್ಲೇ ಹಾಕಿ ಹುಡುಕಿ. ಬೈದು ಬರೆದ ವಿಮರ್ಶೆ ನನಗೆ ಹೆಚ್ಚು ಇಷ್ಟ. 'ಮಧ್ಯಾಹ್ನ ಹೋದರೆ ಬರೀ ಮಕ್ಕಳ ಗಲಾಟೆ' ಎಂದು ಯಾರೋ ಒಂದೇ ನಕ್ಷತ್ರ ಕೊಟ್ಟಿದ್ದರೆ, ನಿಮ್ಮ ಜಾಗ ಸಿಕ್ಕಿತು.

'ಕುಟುಂಬಕ್ಕೆ ಒಗ್ಗುವ ಹತ್ತು ಬ್ರೂಪಬ್‌ಗಳು' ಎಂಬಂಥ ಪಟ್ಟಿಗಳನ್ನು ನಂಬಿ ಹೊರಡಬೇಡಿ. ಬರೆದವರ ಕೂಸು ಈಗ ಕಾಲೇಜಿಗೆ ಹೋಗುತ್ತಿರಬಹುದು.

ಫೋನ್ ಮಾಡಿ. ಎಲ್ಲರೂ ಎಡವುವುದು ಇಲ್ಲೇ

ಮೊದಲನೆಯದಾಗಿ, ಯಾರೂ ಫೋನೇ ಮಾಡುವುದಿಲ್ಲ. ಮಾಡಿದವರು ಕೇಳುವುದು ಒಂದೇ ಪ್ರಶ್ನೆ: 'ಮಕ್ಕಳನ್ನು ಕರೆದುಕೊಂಡು ಬರಬಹುದಾ?' ಆ ಕಡೆಯವರು 'ಓಹೋ, ಬನ್ನಿ' ಅನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಬಣ್ಣದ ಪೆನ್ಸಿಲ್ ಹಿಡಿದು ಕೂರುವ ಏಳು ವರ್ಷದ ಮಗು. ನಿಮ್ಮ ಕೈಯಲ್ಲಿರುವುದು ಏಳು ತಿಂಗಳ ಕೂಸು.

ನಾನೂ ಹೀಗೇ ಕೇಳಿ ಕೆಟ್ಟವಳು. 'ಬನ್ನಿ' ಅಂದರು, ಹೋದೆವು. ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು, ಮೇಲೆ ಎಲ್ಲವೂ ಎದೆಯೆತ್ತರದ ಮೇಜು. ಇಬ್ಬರೂ ಸರದಿಯ ಮೇಲೆ ಕೂಸನ್ನು ಎತ್ತಿಕೊಂಡು ನಿಂತು ತಿಂದೆವು. ಅವರು ಸುಳ್ಳು ಹೇಳಲಿಲ್ಲ, ನಾನು ಕೇಳಬೇಕಾದ್ದನ್ನು ಕೇಳಿರಲಿಲ್ಲ.

ಈಗ ನಾನು ಕೇಳುವುದು ಹೀಗೆ: 'ನಮ್ಮ ಜೊತೆ ಎಂಟು ತಿಂಗಳ ಕೂಸಿದೆ, ಸ್ಟ್ರಾಲರ್ ಇದೆ. ನಾಳೆ ಬಾಗಿಲು ತೆರೆಯುತ್ತಿದ್ದ ಹಾಗೆ ಬರುತ್ತೇವೆ. ನಮ್ಮನ್ನು ಎಲ್ಲಿ ಕೂರಿಸುತ್ತೀರಿ?' ಈ ಕೊನೆಯ ಪ್ರಶ್ನೆಯೇ ಮುಖ್ಯ. ಇದಕ್ಕೆ ಹೌದು, ಇಲ್ಲ ಅನ್ನಲು ಬರುವುದಿಲ್ಲ. ಫೋನ್ ಎತ್ತಿದವರು ಕಣ್ಣೆತ್ತಿ ಇಡೀ ಹಾಲ್ ನೋಡಲೇಬೇಕು. 'ಕಿಟಕಿ ಪಕ್ಕ ಮೂಲೆಯ ಮೇಜು ಇದೆ, ಗಾಡಿಗೂ ಜಾಗವಿದೆ' ಅಂದರೆ ಅಲ್ಲಿ ದಿನಾ ಕೂಸುಗಳು ಬರುತ್ತವೆ ಅಂತ ಅರ್ಥ. 'ಎಲ್ಲಿ ಬೇಕಾದರೂ ಕೂರಿ' ಅಂದರೆ ಅವರು ಯೋಚಿಸಿಯೇ ಇಲ್ಲ. ತಡವರಿಸಿ 'ಒಂದ್ನಿಮಿಷ, ಕೇಳಿ ಹೇಳ್ತೀನಿ' ಅಂದರೆ ಕಾಯಿರಿ, ಆಮೇಲೆ ಬರುವ ಉತ್ತರ ಸಾಮಾನ್ಯವಾಗಿ ಪ್ರಾಮಾಣಿಕವಾಗಿರುತ್ತದೆ.

ಆಮೇಲೆ ಉಳಿದದ್ದು ಕೇಳಿ. ಎಷ್ಟು ಗಂಟೆಯವರೆಗೆ ಕೂಸು ಇರಬಹುದು? ಹೈ ಚೇರ್ ಎಷ್ಟಿವೆ, ಬೆಲ್ಟು ಇದೆಯಾ? ಡೈಪರ್ ಬದಲಿಸುವ ಮೇಜು ಇದೆಯಾ, ಇದ್ದರೆ ಹೆಂಗಸರ ಶೌಚಾಲಯದಲ್ಲಿ ಮಾತ್ರವಾ? (ಹಾಗಿದ್ದರೆ ಅಪ್ಪಂದಿರಿಗೆ ಸುಖವೋ ಸುಖ, ಅದಕ್ಕೇ ಮೊದಲೇ ತಿಳಿದಿರಲಿ.) ಆ ಹೊತ್ತಿಗೆ ಹಾಡು, ಕ್ವಿಜ್, ದೊಡ್ಡ ಪರದೆಯಲ್ಲಿ ಮ್ಯಾಚು ಏನಾದರೂ ಇದೆಯಾ? ಬಾಗಿಲಲ್ಲಿ ಮೆಟ್ಟಿಲು ಎಷ್ಟು? ಹೈ ಚೇರ್ ಎಷ್ಟಿವೆ ಅಂತ ಕೇಳುವುದಕ್ಕೂ ಕಾರಣವಿದೆ. ಒಂದೇ ಇದ್ದರೆ, ನೀವು ಹೋಗುವ ಹೊತ್ತಿಗೆ ಅದರಲ್ಲಿ ಬೇರೆಯವರ ಕೂಸು ಕೂತಿರುತ್ತದೆ.

ಫೋನ್ ಮಾಡುವ ಹೊತ್ತೂ ಮುಖ್ಯ. ಮಧ್ಯಾಹ್ನ ಮೂರರಿಂದ ನಾಲ್ಕು ಒಳ್ಳೆಯದು, ಆಗ ಅವರಿಗೆ ಪುರುಸೊತ್ತು ಇರುತ್ತದೆ. ರಾತ್ರಿ ಎಂಟಕ್ಕೆ ಮಾಡಿದರೆ 'ಬನ್ನಿ ಬನ್ನಿ' ಅಂದು ಇಟ್ಟುಬಿಡುತ್ತಾರೆ. ಇನ್ನೊಂದು ಉಪಾಯ: ನಿಮ್ಮ ಪಬ್ ಭೇಟಿಯ ಹೊತ್ತಿಗೇ, ಆದರೆ ಹಿಂದಿನ ದಿನ ಫೋನ್ ಮಾಡಿ. ಮಾತಾಡುವವರ ಹಿಂದಿನ ಸದ್ದು ಕೇಳಿಸಿಕೊಳ್ಳಿ. ಅವರೇ ಕೂಗಿ ಮಾತಾಡುತ್ತಿದ್ದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು.

ಭಾಷೆ ಬರದ ಊರಾದರೆ ಹೈ ಚೇರ್, ಸ್ಟ್ರಾಲರ್ ಎರಡರ ಚಿತ್ರ ಹಾಕಿ ಅನುವಾದದ ಆ್ಯಪಿನಿಂದ ಎರಡು ಸಾಲು ಬರೆದು ಮೆಸೇಜ್ ಕಳಿಸಿ. ಚಿತ್ರ ನೋಡಿದವರು ತಪ್ಪು ತಿಳಿಯುವುದು ಕಡಿಮೆ.

ಬಾಗಿಲು ತೆರೆಯುವ ಹೊತ್ತಿಗೇ ಹೋಗಿ

ಮಧ್ಯಾಹ್ನದ ಊಟಕ್ಕೆ ಮಾತ್ರ. ಸಂಜೆ ಐದರ ಮೇಲೆ ಬೇಡ. ಕೆಲಸ ಮುಗಿಸಿದವರೆಲ್ಲ ಬರುವ ಹೊತ್ತು ಅದು, ಕೂಸು ಕಾರಣವಿಲ್ಲದೆ ರಚ್ಚೆ ಹಿಡಿಯುವ ಹೊತ್ತೂ ಅದೇ. ಇದರಲ್ಲಿ ನನ್ನ ಜೊತೆ ವಾದ ಮಾಡಬೇಡಿ.

ಒಳಗೆ ಹೋದ ಮೇಲೆ

ಬ್ರೂಪಬ್ಬಿನ ನೆಲ ಕಾಂಕ್ರೀಟು, ಟ್ಯಾಂಕು ಉಕ್ಕಿನದು, ಗೋಡೆ ಗಾಜಿನದು. ಸದ್ದು ಹೀರಿಕೊಳ್ಳುವ ವಸ್ತು ಒಂದೂ ಇಲ್ಲ. ಜನ ತುಂಬಿದ ಹಾಗೆ ಮಾತು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಅದನ್ನು ಮೀರಿಸಲು ಎಲ್ಲರೂ ಇನ್ನಷ್ಟು ಜೋರಾಗಿ ಮಾತಾಡುತ್ತಾರೆ. ಅಳತೆ ಮಾಡಲು ಆ್ಯಪು ಬೇಡ. ಒಂದು ತೋಳಿನ ದೂರದಲ್ಲಿ ಕೂತವರಿಗೆ ನಿಮ್ಮ ಮಾತು ಕೇಳಿಸಲು ದನಿ ಏರಿಸಬೇಕಾಯಿತಾ? ಹಾಗಾದರೆ ಸದ್ದು ಸುಮಾರು 85 ಡೆಸಿಬಲ್ ಮುಟ್ಟಿರಬಹುದು. ಕಾರ್ಖಾನೆಯ ಕೆಲಸಗಾರರಿಗೆ ಕಿವಿ ರಕ್ಷಣೆ ಬೇಕು ಎನ್ನುವ ಮಟ್ಟ ಅದು. ಹೊರಗಿನ ಮೇಜು ಕೇಳಿ, ಇಲ್ಲವಾದರೆ ಎದ್ದುಬಿಡಿ. ಕೂಸಿಗೆ ಕಿವಿ ಮುಚ್ಚುವ ಇಯರ್‌ಮಫ್ ತಂದಿದ್ದರೆ ಒಳ್ಳೆಯದು. ಕಿವಿಯೊಳಗೆ ತೂರಿಸುವ ಪ್ಲಗ್ಗು ಮಾತ್ರ ಬೇಡ, ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ಒಂದು ವಿಷಯ ನೋಡಿದಾಗಲೆಲ್ಲ ನನ್ನ ಎದೆ ಝಲ್ ಅನ್ನುತ್ತದೆ. ಮರದ ಹೈ ಚೇರನ್ನು ತಲೆಕೆಳಗಾಗಿ ನಿಲ್ಲಿಸಿ, ಅದರ ಕಾಲುಗಳ ನಡುವೆ ಕಾರಿನಿಂದ ಬಿಡಿಸಿ ತಂದ, ಕೂಸು ಮಲಗಿರುವ ಕಾರ್ ಸೀಟನ್ನು ಕೂರಿಸುತ್ತಾರೆ. ಎಷ್ಟೋ ಕಡೆ ಸಿಬ್ಬಂದಿಯೇ ತಂದು ಹಾಗೆ ಇಟ್ಟುಕೊಡುತ್ತಾರೆ. ದಯವಿಟ್ಟು ಬೇಡ. ಯಾವ ಸೀಟೂ ಅದರ ಮೇಲೆ ಕೂರಲೆಂದು ಮಾಡಿದ್ದಲ್ಲ, ಯಾರೋ ಹಾದುಹೋಗುವಾಗ ಮೊಣಕೈ ತಾಗಿದರೆ ಸಾಕು. ಸೀಟನ್ನು ಮೇಜಿನ ಮೇಲೆ ಇಡುವುದೂ ಅಷ್ಟೇ ಅಪಾಯ. ಸ್ಟ್ರಾಲರಿನಲ್ಲೇ ಮಲಗಿರಲಿ.

ಮೇಜಿನ ಅಂಚಿಗೆ ಕ್ಲಿಪ್ ಹಾಕಿ ನೇತುಹಾಕುವ ಸೀಟು ಅಂತ ಒಂದು ಮಾರುತ್ತಾರಲ್ಲ, ನಾವೂ ಕೊಂಡೆವು. ದಂಡ. ಬ್ರೂಪಬ್ಬಿನ ಮೇಜು ಒಂದೋ ದಪ್ಪ ಹಲಗೆ, ಕ್ಲಿಪ್ಪು ಹಿಡಿಯುವುದಿಲ್ಲ. ಇಲ್ಲವೋ ನಡುವೆ ಒಂದೇ ಕಾಲಿನ ಮೇಜು, ಕೂಸು ಕುಣಿದರೆ ಮೇಜೇ ವಾಲುತ್ತದೆ. ಅದರ ಬದಲು ಆಟಿಕೆ ಕಟ್ಟಿಡಲು ಒಂದು ಚಿಕ್ಕ ಪಟ್ಟಿ ಇಟ್ಟುಕೊಳ್ಳಿ. ಆ ನೆಲಕ್ಕೆ ಬಿದ್ದ, ಕೂಸು ಕಚ್ಚುವ ಟೀಥರನ್ನು ಮತ್ತೆ ಬಾಯಿಗೆ ಕೊಡಲು ಮನಸ್ಸು ಬರುವುದಿಲ್ಲ.

ಬಿಯರು ತಯಾರಾಗುವುದನ್ನು ತೋರಿಸುತ್ತೇವೆ ಬನ್ನಿ ಅಂದರೆ ಒಬ್ಬರು ಮಾತ್ರ ಹೋಗಿ. ಅಲ್ಲಿ ಕುದಿಯುವ ಹಂಡೆ, ಜಾರುವ ನೆಲ, ತೊಳೆಯುವ ರಾಸಾಯನಿಕ ಎಲ್ಲ ಇರುತ್ತವೆ. ಬಿಯರು ಹುಳಿಯುವಾಗ ಬರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ನೆಲದ ಹತ್ತಿರವೇ ಕೂರುತ್ತದೆ. ಸ್ಟ್ರಾಲರಿನ ಕೂಸು ಇರುವುದೂ ಅಷ್ಟೇ ಎತ್ತರದಲ್ಲಿ.

ಆರ್ಡರು, ಬಿಲ್ಲು ಒಟ್ಟಿಗೇ

ಎಲ್ಲವನ್ನೂ ಒಂದೇ ಸಲ ಹೇಳಿ, ಊಟ ಬಂದ ತಕ್ಷಣ ಬಿಲ್ಲು ಕೊಟ್ಟುಬಿಡಿ. ಕೂಸು ಅಳಲು ಶುರುಮಾಡಿದ ಮೇಲೆ ಬಿಲ್ಲಿಗೆ ಕಾಯುವ ಹತ್ತು ನಿಮಿಷ ಬಹಳ ಉದ್ದ. ಒಂದು ವರ್ಷದೊಳಗಿನ ಕೂಸಿಗೆ ನಿಮ್ಮ ತಟ್ಟೆಯ ಜೇನು ಹಾಕಿದ ಸಾಸು ನೆಕ್ಕಿಸಬೇಡಿ. ಜೇನಿನಿಂದ ಬಾಟುಲಿಸಂ ಎಂಬ ಕಾಯಿಲೆ ಬರಬಹುದು.

ಯಾರು ಎಷ್ಟು ಕುಡಿಯಬೇಕು

ಒಬ್ಬರು ಕುಡಿಯಲೇಬಾರದು. ಗಾಡಿ ಓಡಿಸುವವರು ಅಂತ ಮಾತ್ರ ಅಲ್ಲ, ಕೂಸಿಗೆ ಏನಾದರೂ ಆದರೆ ತಲೆ ನೆಟ್ಟಗಿರುವವರು ಒಬ್ಬರು ಬೇಕು. ಜೆಕ್ ಗಣರಾಜ್ಯ, ಹಂಗೇರಿಯಂಥ ಕಡೆ ಓಡಿಸುವವರ ರಕ್ತದಲ್ಲಿ ಮದ್ಯದ ಮಿತಿ ಸೊನ್ನೆ. ಅಲ್ಲಿ 'ಅರ್ಧ ಲೋಟ ಪರವಾಗಿಲ್ಲ' ಎಂಬ ಮಾತೇ ಇಲ್ಲ.

ಹಾಲೂಡಿಸುವ ಅಮ್ಮಂದಿರಿಗೆ ಮದ್ಯ ಪೂರ್ತಿ ಬಿಡುವುದೇ ಎಲ್ಲಕ್ಕಿಂತ ಕ್ಷೇಮ. ಕುಡಿಯುವುದೇ ಆದರೆ ಕೂಸಿಗೆ ಹಾಲು ಕೊಟ್ಟು ಮುಗಿಸಿದ ಮೇಲೆ ಒಂದು ಲೋಟ, ನಂತರ ಕನಿಷ್ಠ ಎರಡು ಗಂಟೆ ಬಿಟ್ಟು ಹಾಲು ಎನ್ನುತ್ತಾರೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯವರು. ಅವರ ಲೆಕ್ಕದ ಒಂದು ಲೋಟ ಅಂದರೆ ಶೇ 5ರ ಬಿಯರು, 355 ಮಿಲಿಲೀಟರು. ಬ್ರೂಪಬ್ಬಿನಲ್ಲಿ ಕೊಡುವುದು ಶೇ 7ರದ್ದು, ಅರ್ಧ ಲೀಟರಿನ ಲೋಟ ಆದರೆ ಅದು ಹೆಚ್ಚುಕಡಿಮೆ ಎರಡು ಲೋಟಕ್ಕೆ ಸಮ, ಕಾಯುವ ಹೊತ್ತೂ ಎರಡರಷ್ಟು. ಹಾಲು ಹಿಂಡಿ ಚೆಲ್ಲಿದರೆ ಬೇಗ ಸರಿಹೋಗುತ್ತದೆ ಎನ್ನುವುದು ಸುಮ್ನೆ ಮಾತು. ರಕ್ತದಲ್ಲಿ ಇರುವಷ್ಟು ಹೊತ್ತು ಹಾಲಿನಲ್ಲೂ ಇರುತ್ತದೆ. ರುಚಿ ನೋಡುವ ಆಸೆ ಇದ್ದರೆ ಚಿಕ್ಕ ಲೋಟಗಳ ಟೇಸ್ಟರ್ ತರಿಸಿ, ಮನೆಯವರಿಂದ ಒಂದೊಂದು ಗುಟುಕು ಕಸಿದುಕೊಳ್ಳಿ.

ಇಷ್ಟವಾದದ್ದನ್ನು ಗ್ರೌಲರಿನಲ್ಲಿ, ಅಂದರೆ ಬಿಯರು ತುಂಬಿಸಿ ಒಯ್ಯುವ ಮುಚ್ಚಳದ ದೊಡ್ಡ ಬಾಟಲಿಯಲ್ಲಿ, ಕಟ್ಟಿಸಿಕೊಂಡು ಹೋಗುವುದೇ ನನಗೆ ಎಲ್ಲಕ್ಕಿಂತ ಇಷ್ಟ. ಅಮೆರಿಕದಲ್ಲಿ ದೊಡ್ಡ ಗ್ರೌಲರು ಸುಮಾರು 1.9 ಲೀಟರು, ಇಬ್ಬರಿಗೆ ಜಾಸ್ತಿ. ಚಿಕ್ಕದು ಕೇಳಿ. ಮುಚ್ಚಳ ತೆಗೆದ ಮೇಲೆ ಒಂದೆರಡು ದಿನದಲ್ಲಿ ಗ್ಯಾಸು ಹೋಗಿ ಸಪ್ಪೆಯಾಗುತ್ತದೆ. ಕಾರಿನಲ್ಲಿ ಡಿಕ್ಕಿಯಲ್ಲೇ ಇಡಿ, ಸೀಟಿನ ಪಕ್ಕ ಬೇಡ.

ಆ ರಾತ್ರಿ ಕೂಸನ್ನು ನಿಮ್ಮ ಹಾಸಿಗೆಯಲ್ಲಿ ಮಲಗಿಸಿಕೊಳ್ಳಬೇಡಿ. ಕುಡಿದವರ ಮಗ್ಗುಲಲ್ಲಿ ಮಲಗಿದ ಕೂಸಿಗೆ ಉಸಿರುಗಟ್ಟುವ ಅಪಾಯ ಹೆಚ್ಚು. ರೂಮಿಗೆ ತೊಟ್ಟಿಲು ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಅದಕ್ಕೂ ಫೋನೇ ಮಾಡಿ. ಆನ್‌ಲೈನಿನಲ್ಲಿ ಟಿಕ್ ಮಾಡಿ ಬಿಟ್ಟ ತೊಟ್ಟಿಲು ರೂಮಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ.