ಯೂರಿನ್ ಕಲ್ಚರ್ ರಿಪೋರ್ಟ್ ಓದುವುದು ಹೇಗೆ?

ಉರಿಮೂತ್ರ ಎಂದು ಡಾಕ್ಟರ್ ಹತ್ತಿರ ಹೋದರೆ ಒಮ್ಮೊಮ್ಮೆ ಎರಡು ಚೀಟಿ ಸಿಗುತ್ತವೆ. ಒಂದು ಮೆಡಿಕಲ್ ಶಾಪಿಗೆ, ಇನ್ನೊಂದು ಲ್ಯಾಬಿಗೆ, ಯೂರಿನ್ ಕಲ್ಚರ್ ಮಾಡಿಸಲು, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಲು. ಎರಡು ಮೂರು ದಿನ ಕಳೆದ ಮೇಲೆ ಮೊಬೈಲಿಗೆ ರಿಪೋರ್ಟ್ ಬರುತ್ತದೆ. ತುಂಬಾ ಔಷಧಗಳ ಹೆಸರು, ಪ್ರತಿಯೊಂದರ ಪಕ್ಕದಲ್ಲಿ ಎಸ್, ಐ, ಆರ್ ಎಂಬ ಅಕ್ಷರ. ಮೇಲೆಲ್ಲೋ ಸಣ್ಣದಾಗಿ 'ಗ್ರಾಮ್ ನೆಗೆಟಿವ್ ಬ್ಯಾಸಿಲೈ' ಎಂದು ಒಂದು ಸಾಲು. 'ನೆಗೆಟಿವ್ ಅಂತಿದೆ, ಸದ್ಯ ಏನೂ ಇಲ್ಲ' ಎಂದುಕೊಳ್ಳುವವರೂ ಇದ್ದಾರೆ. ಹಾಗಲ್ಲ. ರೋಗಾಣು ಸಿಕ್ಕಿದೆ, ಅದು ಯಾವ ಬಣದ್ದು ಎಂದು ಆ ಸಾಲು ಹೇಳುತ್ತಿದೆ.

ನಮ್ಮ ಕಣ್ಣು ನೇರವಾಗಿ ಕೆಳಗಿನ ಎಸ್–ಆರ್ ಪಟ್ಟಿಗೆ ಹೋಗುತ್ತದೆ. ಆದರೆ ಕಲ್ಚರ್ ರಿಪೋರ್ಟನ್ನು ಮೇಲಿನಿಂದ ಓದಿಕೊಂಡು ಬರಬೇಕು. ಗ್ರಾಮ್ ನೆಗೆಟಿವ್ ಎಂದರೆ ಏನು ಎನ್ನುವುದು ತಿಳಿದರೆ, ಕೆಳಗೆ ಅಷ್ಟೊಂದು ಆರ್ (ಆ ಔಷಧಕ್ಕೆ ಬಗ್ಗುವುದಿಲ್ಲ ಎಂಬ ಗುರುತು) ಯಾಕಿವೆ ಎನ್ನುವುದೂ ತಿಳಿಯುತ್ತದೆ.

ಹೆಜ್ಜೆ 1: ಸ್ಯಾಂಪಲ್ ಸರಿಯಾಗಿ ಕೊಡಿ

ಸ್ಯಾಂಪಲ್ ಕೆಟ್ಟರೆ ರಿಪೋರ್ಟನ್ನು ಎಷ್ಟು ಚೆನ್ನಾಗಿ ಓದಿದರೂ ಪ್ರಯೋಜನವಿಲ್ಲ. ಸಾಧ್ಯವಾದರೆ ಆಂಟಿಬಯಾಟಿಕ್‌ನ ಮೊದಲ ಮಾತ್ರೆ ನುಂಗುವ ಮುಂಚೆಯೇ ಸ್ಯಾಂಪಲ್ ಕೊಡಿ. ಒಂದೆರಡು ಮಾತ್ರೆ ಒಳಗೆ ಹೋದರೂ ಬ್ಯಾಕ್ಟೀರಿಯಾ ಲ್ಯಾಬಿನಲ್ಲಿ ಬೆಳೆಯದೇ ಇರಬಹುದು. ಜ್ವರ, ನಡುಕ ಜೋರಾಗಿದ್ದರೆ ಮಾತ್ರ ಸ್ಯಾಂಪಲ್‌ಗಾಗಿ ಔಷಧ ತಡಮಾಡುವಂತಿಲ್ಲ.

ಲ್ಯಾಬಿನವರು ಕೊಡುವ ಸೀಲ್ ಮಾಡಿದ ಡಬ್ಬಿಯನ್ನೇ ಬಳಸಿ. ಮನೆಯಲ್ಲಿ ಬಿಸಿನೀರಲ್ಲಿ ತೊಳೆದ ಬಾಟಲಿ ಬೇಡ. ಕೈ ತೊಳೆದುಕೊಳ್ಳಿ. ಹೆಂಗಸರು ಮುಂದಿನಿಂದ ಹಿಂದಕ್ಕೆ ನೀರಿನಿಂದ ಸ್ವಚ್ಛ ಮಾಡಿಕೊಂಡು, ಚರ್ಮದ ಮಡಿಕೆಯನ್ನು ಬೆರಳಿನಿಂದ ಸರಿಸಿ ಹಿಡಿಯಬೇಕು. ಮೊದಲು ಬರುವ ಮೂತ್ರವನ್ನು ಹೊರಗೆ ಬಿಡಿ, ನಡುವಿನದನ್ನು ಡಬ್ಬಿಗೆ ಹಿಡಿಯಿರಿ, ಕೊನೆಯದನ್ನು ಮತ್ತೆ ಹೊರಗೆ ಬಿಡಿ. ಮುಚ್ಚಳದ ಒಳಭಾಗವನ್ನು ಮುಟ್ಟಬೇಡಿ.

ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ಆಗದಿದ್ದರೆ ಫ್ರಿಜ್‌ನಲ್ಲಿಡಿ. ಫ್ರೀಜರಿನಲ್ಲಿ ಅಲ್ಲ, ಕೆಳಗಿನ ಭಾಗದಲ್ಲಿ. ಮೂತ್ರದ ಸೋಂಕಿನಲ್ಲಿ ಹೆಚ್ಚಾಗಿ ಕಾಣುವ ಇ. ಕೊಲೈ ಬ್ಯಾಕ್ಟೀರಿಯಾಕ್ಕೆ ಹಿತವಾದ ಬಿಸಿ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಅಂದರೆ ಎರಡು ಗಂಟೆಯಲ್ಲಿ ಒಂದು ಇದ್ದದ್ದು 64. ಬೆಳಿಗ್ಗೆ ಹಿಡಿದ ಡಬ್ಬಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಆಫೀಸು ಮುಗಿಸಿ ಸಂಜೆ ಕೊಟ್ಟರೆ ಲ್ಯಾಬಿನವರು ಎಣಿಸುವುದು ನಿಮ್ಮ ಹೊಟ್ಟೆಯೊಳಗಿನ ಸೋಂಕನ್ನಲ್ಲ, ಬ್ಯಾಗಿನೊಳಗಿನ ಬೆಳೆಯನ್ನು.

ಹೆಜ್ಜೆ 2: ಎಣಿಕೆ ನೋಡಿ

ಲ್ಯಾಬಿನಲ್ಲಿ ಅಳತೆಯ ತಂತಿ ಕುಣಿಕೆಯಿಂದ ಮೂತ್ರದ ತೀರಾ ಸಣ್ಣ ಹನಿ ತೆಗೆದು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೆ ಎಳೆಯುತ್ತಾರೆ. ಸಾಮಾನ್ಯವಾಗಿ ಒಂದು ಮಿಲಿಲೀಟರಿನ ಸಾವಿರದ ಒಂದು ಪಾಲು. ರಾತ್ರಿ ಕಳೆದು ನೋಡಿದಾಗ ಅಲ್ಲಿ ಬ್ಯಾಕ್ಟೀರಿಯಾದ 100 ಚುಕ್ಕೆ ಬೆಳೆದಿದ್ದರೆ, ಒಂದೊಂದು ಚುಕ್ಕೆಗೆ ಒಂದು ಬ್ಯಾಕ್ಟೀರಿಯಾ ಎಂದು ಹಿಡಿದು, ಮಿಲಿಲೀಟರಿಗೆ 1 ಲಕ್ಷ ಎಂದು ಲೆಕ್ಕ. ಈ 1 ಲಕ್ಷದ ಗಡಿ ಅಮೆರಿಕದ ಎಡ್ವರ್ಡ್ ಕ್ಯಾಸ್ ಎಂಬ ವೈದ್ಯರು 1950ರ ದಶಕದಲ್ಲಿ ಮಾಡಿದ ಕೆಲಸದಿಂದ ಬಂದದ್ದು.

ಗಡಿ ದಾಟಿದೆ ಎಂದ ಕೂಡಲೇ ಕಾಯಿಲೆ ಎಂದಲ್ಲ. ಉರಿ, ಪದೇ ಪದೇ ಹೋಗಬೇಕೆನಿಸುವುದು, ಕೆಳಹೊಟ್ಟೆ ನೋವು, ಜ್ವರ, ಇವುಗಳಲ್ಲಿ ಏನಾದರೂ ಇದೆಯೇ? ಏನೂ ತೊಂದರೆ ಇಲ್ಲದೆ ಸುಮ್ನೆ ಬ್ಯಾಕ್ಟೀರಿಯಾ ಕಂಡರೆ ಹೆಚ್ಚಿನವರಿಗೆ ಆಂಟಿಬಯಾಟಿಕ್ ಬೇಕಿಲ್ಲ. ಗರ್ಭಿಣಿಯರು ಮತ್ತು ಮೂತ್ರನಾಳದ ಕೆಲವು ಆಪರೇಷನ್‌ಗಳಿಗೆ ಸಿದ್ಧರಾಗುತ್ತಿರುವವರು ಇದಕ್ಕೆ ಹೊರತು. ತುಂಬಾ ದಿನ ಕ್ಯಾತಿಟರ್ (ಮೂತ್ರ ಹೊರಹೋಗಲು ಇಡುವ ಕೊಳವೆ) ಹಾಕಿಸಿಕೊಂಡವರ ಮೂತ್ರದಲ್ಲಂತೂ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಮನೆಯಲ್ಲಿ ಮಲಗಿರುವ ಅಜ್ಜನಿಗೆ ತಿಂಗಳಿಗೊಮ್ಮೆ ಕಲ್ಚರ್ ಮಾಡಿಸಿ, ಪ್ರತಿ ಸಲವೂ ಔಷಧ ಕೊಡಿಸುವುದರಿಂದ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ. ಇನ್ನೊಂದು ಕಡೆ, ಉರಿ ಜೋರಾಗಿರುವ ಹೆಂಗಸಿನಲ್ಲಿ ಎಣಿಕೆ ಕೆಲವೇ ಸಾವಿರ ಇದ್ದರೂ ಅದು ನಿಜವಾದ ಸೋಂಕಾಗಿರಬಹುದು.

ಮೂರು ನಾಲ್ಕು ಬಗೆಯ ಬ್ಯಾಕ್ಟೀರಿಯಾ ಬೆರೆತು ಬೆಳೆದಿವೆ ಎಂದು ಬರೆದಿದ್ದರೆ ಬಹುಪಾಲು ಅದು ಚರ್ಮದಿಂದ ಸೇರಿಕೊಂಡ ಕೊಳೆ. ಮತ್ತೆ ಸ್ಯಾಂಪಲ್ ಕೊಡುವುದೇ ಸರಿ.

ಹೆಜ್ಜೆ 3: 'ಗ್ರಾಮ್ ನೆಗೆಟಿವ್' ಸಾಲಿನಲ್ಲಿ ಸ್ವಲ್ಪ ನಿಲ್ಲಿ

ಗ್ರಾಮ್ ಎನ್ನುವುದು ಡೆನ್ಮಾರ್ಕಿನ ಒಬ್ಬ ವೈದ್ಯರ ಹೆಸರು, ಹಾನ್ಸ್ ಕ್ರಿಶ್ಚಿಯನ್ ಗ್ರಾಮ್. 1884ರಲ್ಲಿ ಬರ್ಲಿನ್‌ನಲ್ಲಿ ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕುಗಳಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣುವಂತೆ ಮಾಡಲು ಅವರು ಬಣ್ಣ ಹಾಕಿ ನೋಡುತ್ತಿದ್ದರು. ಬ್ಯಾಕ್ಟೀರಿಯಾಗಳನ್ನು ಎರಡು ಬಣವಾಗಿ ಒಡೆಯಬೇಕೆಂಬ ಯೋಚನೆ ಅವರಿಗೆ ಇರಲಿಲ್ಲ. ತಮ್ಮ ವಿಧಾನದಲ್ಲಿ ಕೊರತೆಗಳಿವೆ ಎಂದು ಅವರೇ ಬರೆದುಕೊಂಡಿದ್ದರು. ಆದರೂ ಅದೇ ವಿಧಾನ ಇವತ್ತಿಗೂ ಜಿಲ್ಲಾ ಆಸ್ಪತ್ರೆಯ ಲ್ಯಾಬಿನಿಂದ ಹಿಡಿದು ದೊಡ್ಡ ಸಂಶೋಧನಾ ಸಂಸ್ಥೆಯವರೆಗೆ ನಡೆಯುತ್ತಿದೆ.

ಕೆಲಸ ಕೆಲವೇ ನಿಮಿಷದ್ದು. ಗಾಜಿನ ಪಟ್ಟಿಯ ಮೇಲೆ ಸ್ಯಾಂಪಲ್ ಸವರಿ, ಒಣಗಿಸಿ, ದೀಪದ ಮೇಲೆ ಸ್ವಲ್ಪ ಬಿಸಿ ಮಾಡುತ್ತಾರೆ. ಅದರ ಮೇಲೆ ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಬಣ್ಣ ಸುಮಾರು ಒಂದು ನಿಮಿಷ. ತೊಳೆದು, ಅಯೋಡಿನ್ ಒಂದು ನಿಮಿಷ. ಅಯೋಡಿನ್ ಬಣ್ಣದ ಜತೆ ಸೇರಿ ದಪ್ಪ ಗಂಟು ಕಟ್ಟುತ್ತದೆ. ಆಮೇಲೆ ಕೆಲವೇ ಸೆಕೆಂಡು ಆಲ್ಕೋಹಾಲ್. ಇಡೀ ಪರೀಕ್ಷೆ ನಿಂತಿರುವುದು ಇಲ್ಲೇ. ಹೆಚ್ಚು ಹೊತ್ತು ಬಿಟ್ಟರೆ ಎಲ್ಲದರ ಬಣ್ಣವೂ ಹೋಗುತ್ತದೆ, ಕಡಿಮೆಯಾದರೆ ಯಾವುದರದ್ದೂ ಹೋಗುವುದಿಲ್ಲ. ಕೊನೆಗೆ ಸಫ್ರನಿನ್ ಎಂಬ ಕೆಂಪು ಬಣ್ಣ. ಇದನ್ನು ಗ್ರಾಮ್ ಬಳಸಿರಲಿಲ್ಲ, ಆಮೇಲೆ ಬಂದವರು ಸೇರಿಸಿದ್ದು.

ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ನೇರಳೆಯಾಗೇ ಉಳಿದವು ಗ್ರಾಮ್ ಪಾಸಿಟಿವ್. ನೇರಳೆ ಕಳೆದುಕೊಂಡು ಗುಲಾಬಿಗೆ ತಿರುಗಿದವು ಗ್ರಾಮ್ ನೆಗೆಟಿವ್. ಬ್ಯಾಸಿಲೈ ಎಂದರೆ ಕಡ್ಡಿ ಆಕಾರದವು, ಕಾಕೈ ಎಂದರೆ ಉರುಟಾದವು.

ಬಣ್ಣ ಯಾಕೆ ಹೋಯಿತು? ಗ್ರಾಮ್ ಪಾಸಿಟಿವ್ ಬ್ಯಾಕ್ಟೀರಿಯಾಕ್ಕೆ ಪೆಪ್ಟಿಡೊಗ್ಲೈಕಾನ್ ಎಂಬ ವಸ್ತುವಿನ ದಪ್ಪ ಗೋಡೆ ಇರುತ್ತದೆ. ಆಲ್ಕೋಹಾಲ್ ಬಿದ್ದಾಗ ಅದು ಬಿಗಿದುಕೊಂಡು ಬಣ್ಣವನ್ನು ಒಳಗೇ ಹಿಡಿದಿಡುತ್ತದೆ. ಗ್ರಾಮ್ ನೆಗೆಟಿವ್‌ಗಳ ಗೋಡೆ ತೀರಾ ತೆಳು, ಕೆಲವೇ ನ್ಯಾನೋಮೀಟರ್. ಆದರೆ ಅದರ ಹೊರಗೆ ಕೊಬ್ಬಿನ ಅಂಶವಿರುವ ಇನ್ನೊಂದು ಪೊರೆ ಇದೆ. ಆಲ್ಕೋಹಾಲ್ ಈ ಪೊರೆಯನ್ನು ಹಾಳು ಮಾಡುತ್ತದೆ, ಬಣ್ಣ ತೆಳು ಗೋಡೆಯಿಂದ ಸೋರಿಹೋಗುತ್ತದೆ.

ಚಿಕಿತ್ಸೆಗೆ ಮುಖ್ಯವಾಗುವುದು ಈ ಹೊರಪೊರೆಯೇ. ಅದರಲ್ಲಿ ಪೋರಿನ್ ಎಂಬ ಸಣ್ಣ ಸಣ್ಣ ತೂತುಗಳಿರುತ್ತವೆ. ಜಾಲರಿ ಹಾಕಿದ ಕಿಟಕಿಯ ಹಾಗೆ, ಸಣ್ಣ ಕಣ ಮಾತ್ರ ಒಳಗೆ. ವ್ಯಾಂಕೊಮೈಸಿನ್ ದೊಡ್ಡ ಅಣು, ಹಾಗಾಗಿ ಅದು ಒಳಗೆ ಹೋಗುವುದೇ ಇಲ್ಲ. ಗ್ರಾಮ್ ಪಾಸಿಟಿವ್ ಸೋಂಕಿಗೆ ಜೀವ ಉಳಿಸುವ ಈ ಔಷಧ ಇಲ್ಲಿ ಏನೂ ಮಾಡಲಾರದು. ನುಗ್ಗಿದ ಔಷಧಕ್ಕೂ ನೆಮ್ಮದಿಯಿಲ್ಲ. ಹೊರಪೊರೆಗೂ ಗೋಡೆಯ ಒಳಗಿರುವ ಇನ್ನೊಂದು ಪೊರೆಗೂ ನಡುವಿನ ಜಾಗದಲ್ಲಿ ಪೆನಿಸಿಲಿನ್ ಬಗೆಯ ಔಷಧಗಳನ್ನು ಕತ್ತರಿಸುವ ಕಿಣ್ವಗಳು ಕಾದಿರುತ್ತವೆ. ಅದನ್ನೂ ದಾಟಿದ್ದನ್ನು ಹೊರಗೆ ತಳ್ಳಲು ಪಂಪ್‌ಗಳಿವೆ.

ಆ ಪೊರೆಗೆ ಇನ್ನೊಂದು ಮುಖವಿದೆ. ಅದರ ಹೊರಮೈಯಲ್ಲಿರುವ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತುವೇ ಎಂಡೋಟಾಕ್ಸಿನ್. ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಅಲ್ಲಿ ಒಡೆದಾಗ ಇದು ಬಿಡುಗಡೆಯಾಗುತ್ತದೆ. ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಅದಕ್ಕೆ ವಿಪರೀತವಾಗಿ ಕೆರಳಿದರೆ ಮೈ ನಡುಗಿಸುವ ಜ್ವರ, ಬಿಪಿ ಕುಸಿತ, ಅಂಗಾಂಗಗಳ ವೈಫಲ್ಯ. ಇದೇ ಸೆಪ್ಸಿಸ್. ಉರಿಮೂತ್ರ ತಾನೇ ಎಂದು ಬಿಟ್ಟದ್ದು ಒಮ್ಮೊಮ್ಮೆ ಐಸಿಯುವರೆಗೆ ಹೋಗುವುದು ಹೀಗೆ.

ಹೆಜ್ಜೆ 4: ಬ್ಯಾಕ್ಟೀರಿಯಾದ ಹೆಸರು ಓದಿ

ಮೂತ್ರದ ಸೋಂಕಿನಲ್ಲಿ ಹೆಚ್ಚಾಗಿ ಕಾಣುವ ಹೆಸರು ಇ. ಕೊಲೈ. ಇದು ಹೊರಗಿನಿಂದ ಬಂದ ಶತ್ರುವಲ್ಲ, ನಮ್ಮೆಲ್ಲರ ಕರುಳಿನಲ್ಲೇ ಇರುವ ಜೀವಿ. ಮಲದ್ವಾರದ ಹತ್ತಿರದಿಂದ ಮೂತ್ರನಾಳಕ್ಕೆ ಬಂದಾಗ ತೊಂದರೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ. ಅವರಿಗೆ ಸೋಂಕು ಜಾಸ್ತಿ ಆಗುವುದಕ್ಕೆ ಅದೇ ದೊಡ್ಡ ಕಾರಣ, ಸ್ವಚ್ಛತೆ ಇಲ್ಲ ಎಂದು ಬೈಯುವುದು ತಪ್ಪು.

ಕ್ಲೆಬ್ಸಿಯೆಲ್ಲಾ ಎರಡನೇ ಸಾಮಾನ್ಯ ಹೆಸರು. ಪ್ರೋಟಿಯಸ್ ಎಂದಿದ್ದರೆ ಡಾಕ್ಟರ್ ಸ್ಕ್ಯಾನ್ ಮಾಡಿಸಲು ಹೇಳಬಹುದು. ಅದು ಯೂರಿಯಾವನ್ನು ಒಡೆದು ಮೂತ್ರವನ್ನು ಕ್ಷಾರವಾಗಿಸುತ್ತದೆ, ಅದರಿಂದ ಒಂದು ಬಗೆಯ ಕಲ್ಲು ಕಟ್ಟುತ್ತದೆ. ಸ್ಯೂಡೋಮೊನಾಸ್, ಅಸಿನೆಟೋಬ್ಯಾಕ್ಟರ್ ಹೆಚ್ಚಾಗಿ ಆಸ್ಪತ್ರೆಯಲ್ಲಿ ಇದ್ದು ಬಂದವರಲ್ಲಿ, ಕ್ಯಾತಿಟರ್ ಇರುವವರಲ್ಲಿ ಕಾಣುತ್ತವೆ.

ಈ ಬಣದ ನೆಂಟರು ಇನ್ನೂ ಇದ್ದಾರೆ. ಟೈಫಾಯ್ಡ್, ಕಾಲರಾ, ಪ್ಲೇಗ್ ಮೂರರ ರೋಗಾಣುಗಳೂ ಗ್ರಾಮ್ ನೆಗೆಟಿವ್. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬೆಳೆದ ಕಥೆ ಗೊತ್ತಲ್ವಾ? ಊರಿನ ನಕ್ಷೆಯನ್ನೇ ಬದಲಿಸಿದ ಬ್ಯಾಕ್ಟೀರಿಯಾ ಅದು.

ಹೆಜ್ಜೆ 5: ಈಗ ಎಸ್, ಐ, ಆರ್

ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಔಷಧದ ಸಣ್ಣ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ ಎಷ್ಟು ಮಿಲಿಮೀಟರ್ ಎಂದು ಅಳೆಯುತ್ತಾರೆ. ಯಂತ್ರದಲ್ಲಿ ಮಾಡಿದರೆ ಎಂಐಸಿ ಎಂಬ ಸಂಖ್ಯೆ ಬರುತ್ತದೆ, ಅಂದರೆ ಬೆಳವಣಿಗೆ ನಿಲ್ಲಿಸಲು ಬೇಕಾದ ಕನಿಷ್ಠ ಪ್ರಮಾಣ. ಎಸ್ ಎಂದರೆ ಮಾಮೂಲಿ ಡೋಸ್‌ಗೆ ಬಗ್ಗುತ್ತದೆ. ಆರ್ ಎಂದರೆ ಬಗ್ಗುವುದಿಲ್ಲ. ಐ ನಡುವಿನದು, ಡೋಸ್ ಹೆಚ್ಚಿಸಿದರೆ ಅಥವಾ ಔಷಧ ಹೆಚ್ಚಾಗಿ ಸೇರುವ ಜಾಗವಾದರೆ ಕೆಲಸ ಮಾಡಬಹುದು.

ಇಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಎಂಐಸಿ ಸಂಖ್ಯೆ ಚಿಕ್ಕದಿರುವ ಔಷಧವೇ ಹೆಚ್ಚು ಬಲಶಾಲಿ ಎಂದುಕೊಳ್ಳುವುದು. ಪ್ರತಿ ಔಷಧಕ್ಕೂ ಗಡಿ ಬೇರೆ. ಒಂದರ 0.5ನ್ನು ಇನ್ನೊಂದರ 16ಕ್ಕೆ ಹೋಲಿಸುವಂತಿಲ್ಲ.

ಎರಡು, ಎಸ್ ಇರುವ ಯಾವುದನ್ನಾದರೂ ತೆಗೆದುಕೊಳ್ಳಬಹುದು ಎಂದುಕೊಳ್ಳುವುದು. ನೈಟ್ರೋಫ್ಯುರಾಂಟೋಯಿನ್ ನೋಡಿ. ಮೂತ್ರಕೋಶದ ಸೋಂಕಿಗೆ ಒಳ್ಳೆಯ ಮಾತ್ರೆ. ಆದರೆ ಅದು ಮೂತ್ರದಲ್ಲಿ ಸೇರುವಷ್ಟು ರಕ್ತದಲ್ಲಿ, ಕಿಡ್ನಿಯ ಒಳಗೆ ಸೇರುವುದಿಲ್ಲ. ಜ್ವರ, ಬೆನ್ನಿನ ಪಕ್ಕೆ ನೋವು ಬಂದು ಸೋಂಕು ಕಿಡ್ನಿಗೆ ಏರಿದ್ದರೆ, ರಿಪೋರ್ಟಿನಲ್ಲಿ ಎಸ್ ಇದ್ದರೂ ಅದು ಸಾಲದು. ಅಮಿಕಾಸಿನ್, ಜೆಂಟಾಮೈಸಿನ್ ಇಂಜೆಕ್ಷನ್‌ಗಳು ಕಿಡ್ನಿಗೂ ಕಿವಿಗೂ ತೊಂದರೆ ಕೊಡಬಲ್ಲವು. ನಿಮ್ಮ ವಯಸ್ಸು, ಗರ್ಭ, ಅಲರ್ಜಿ, ಕಿಡ್ನಿಯ ಸ್ಥಿತಿ ಯಾವುದೂ ಆ ತಟ್ಟೆಗೆ ಗೊತ್ತಿಲ್ಲ.

ಹೆಜ್ಜೆ 6: ಕೆಳಗಿನ ಟಿಪ್ಪಣಿ ಬಿಡಬೇಡಿ

ಇಎಸ್‌ಬಿಎಲ್ ಎಂದು ಬರೆದಿದ್ದರೆ, ಹಿಂದೆ ಹೇಳಿದ ಕತ್ತರಿಸುವ ಕಿಣ್ವಗಳಲ್ಲಿ ಬಲವಾದ ಒಂದು ಬಗೆ ಈ ಬ್ಯಾಕ್ಟೀರಿಯಾದ ಬಳಿ ಇದೆ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್‌ಗಳು ಅದರ ಮುಂದೆ ನಡೆಯುವುದಿಲ್ಲ. ಗಾಬರಿ ಬೇಡ. ಸೋಂಕು ಮೂತ್ರಕೋಶದಲ್ಲೇ ಇದ್ದರೆ ನೈಟ್ರೋಫ್ಯುರಾಂಟೋಯಿನ್, ಫಾಸ್ಫೋಮೈಸಿನ್ ಬಹಳ ಸಲ ಕೆಲಸ ಮಾಡುತ್ತವೆ. ತೀವ್ರವಾಗಿದ್ದರೆ ಮೆರೊಪೆನೆಮ್‌ನಂಥ ಕಾರ್ಬಾಪೆನೆಮ್ ಇಂಜೆಕ್ಷನ್ ಬೇಕಾಗುತ್ತದೆ.

ಕಾರ್ಬಾಪೆನೆಮ್‌ಗಳಿಗೂ ಆರ್ ಎಂದಿದ್ದರೆ ವಿಷಯ ಗಂಭೀರ. ಅವನ್ನೂ ಕತ್ತರಿಸುವ ಒಂದು ಕಿಣ್ವ ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ರೋಗಿಯಲ್ಲಿ 2008ರಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾದಲ್ಲಿ ಪತ್ತೆಯಾಯಿತು. ಅದಕ್ಕೆ ನವದೆಹಲಿಯ ಹೆಸರಿಟ್ಟು ಎನ್‌ಡಿಎಂ-1 ಎಂದರು. 2010ರಲ್ಲಿ ಅದು ನಮ್ಮಲ್ಲಿ ದೊಡ್ಡ ಗಲಾಟೆಯಾಯಿತು. ಹೆಸರಿಗೆ ಸಿಟ್ಟು ಬಂದದ್ದು ಸಹಜ, ಆದರೆ ನಮ್ಮ ಆಸ್ಪತ್ರೆಗಳಲ್ಲಿ ಸಮಸ್ಯೆ ಇದ್ದದ್ದೂ ನಿಜ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಪಟ್ಟಿಯಲ್ಲಿ ಅತಿ ಗಂಭೀರ ಎಂದು ಗುರುತಿಸಿದವುಗಳಲ್ಲಿ ಕ್ಷಯದ ರೋಗಾಣು ಬಿಟ್ಟರೆ ಉಳಿದವೆಲ್ಲ ಗ್ರಾಮ್ ನೆಗೆಟಿವ್‌ಗಳೇ.

ಪಟ್ಟಿಯ ಕೊನೆಯಲ್ಲಿ ಕೋಲಿಸ್ಟಿನ್ ಎಂಬ ಹಳೇ ಔಷಧ ಇರಬಹುದು. ಇದು ಹೊರಪೊರೆಯನ್ನೇ ಒಡೆಯುತ್ತದೆ. ಕಿಡ್ನಿಗೆ ತೊಂದರೆ ಎಂದು ಒಮ್ಮೆ ಮೂಲೆಗೆ ಸೇರಿದ್ದನ್ನು ಬೇರೆ ದಾರಿಯಿಲ್ಲದೆ ಮತ್ತೆ ಹೊರತೆಗೆದರು. ಕೋಳಿ ಮೇವಿನಲ್ಲೂ ಇದನ್ನು ಹಾಕುತ್ತಿದ್ದರು, ಆಹಾರಕ್ಕೆಂದು ಸಾಕುವ ಪ್ರಾಣಿಗಳಿಗೆ ಇದನ್ನು ಕೊಡುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು. ಅದರ ಮುಂದೆ ಎಸ್ ಬದಲು ಐ ಇದ್ದರೆ ಲ್ಯಾಬಿನ ತಪ್ಪಲ್ಲ. ಅಮೆರಿಕದ ಸಿಎಲ್‌ಎಸ್‌ಐ ಎಂಬ, ಲ್ಯಾಬ್ ಪರೀಕ್ಷೆಗಳಿಗೆ ಮಾನದಂಡ ಹಾಕುವ ಸಂಸ್ಥೆಯ ನಿಯಮದಲ್ಲಿ 2020ರಿಂದ ಕೋಲಿಸ್ಟಿನ್‌ಗೆ ಎಸ್ ಎನ್ನುವ ದರ್ಜೆಯೇ ಇಲ್ಲ.

ಹೆಜ್ಜೆ 7: ರಿಪೋರ್ಟ್ ಹಿಡಿದು ಡಾಕ್ಟರ್ ಹತ್ತಿರವೇ ಹೋಗಿ

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ರಿಪೋರ್ಟ್ ತೋರಿಸಿ 'ಎಸ್ ಇರೋದು ಕೊಡಿ' ಎನ್ನಬೇಡಿ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುವ ಔಷಧ ಚೀಟಿ ಇಲ್ಲದೆ ಕೊಳ್ಳುವಂಥದ್ದಲ್ಲ. ಡಾಕ್ಟರಿಗೆ ಮೂರು ವಿಷಯ ಹೇಳಿ: ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಯಾವುದು, ಉರಿ ಕಡಿಮೆಯಾಗಿದೆಯೋ ಇಲ್ಲವೋ, ಕಳೆದ ಕೆಲವು ತಿಂಗಳಲ್ಲಿ ಆಸ್ಪತ್ರೆಯಲ್ಲಿ ದಾಖಲಾಗಿದ್ದಿರೋ. ತೆಗೆದುಕೊಳ್ಳುತ್ತಿರುವ ಮಾತ್ರೆಯ ಮುಂದೆ ಆರ್ ಇದ್ದರೂ ನೀವಾಗಿ ನಿಲ್ಲಿಸಬೇಡಿ, ಅದೇ ದಿನ ಫೋನ್ ಮಾಡಿ ಕೇಳಿ.

ಚಳಿ ನಡುಕದ ಜ್ವರ, ಪಕ್ಕೆ ನೋವು, ವಾಂತಿ, ಏದುಸಿರು, ಮೂತ್ರ ತೀರಾ ಕಡಿಮೆಯಾಗುವುದು, ವಯಸ್ಸಾದವರಲ್ಲಿ ಇದ್ದಕ್ಕಿದ್ದಂತೆ ಗೊಂದಲ ಅಥವಾ ಮಂಪರು ಕಂಡರೆ ರಿಪೋರ್ಟಿಗೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ.

ವಾಸಿಯಾದ ಮೇಲೆ ರಿಪೋರ್ಟನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಕರುಳಿನಲ್ಲಿ ತಿಂಗಳುಗಟ್ಟಲೆ ಇರಬಲ್ಲದು. ಮುಂದಿನ ಸಲ ಸೋಂಕು ಬಂದಾಗ, ಹೊಸ ಕಲ್ಚರ್ ಬರುವ ಮೊದಲು ಯಾವ ಔಷಧ ಶುರು ಮಾಡಬೇಕೆಂದು ಡಾಕ್ಟರ್ ನಿರ್ಧರಿಸಲು ಆ ಹಳೇ ರಿಪೋರ್ಟೇ ಆಧಾರ.