ಬಲ ಕುಂದದಂತೆ ತೂಕ ಇಳಿಸುವುದು: ಕುಸ್ತಿಪಟುಗಳಿಗೊಂದು ಮಾರ್ಗದರ್ಶಿ

2024ರ ಆಗಸ್ಟ್ 7ರ ಬೆಳಿಗ್ಗೆ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಅವರ ತೂಕ 50 ಕೆ.ಜಿ. ಮಿತಿಗಿಂತ 100 ಗ್ರಾಂ ಹೆಚ್ಚಿದ್ದ ಕಾರಣ ಒಲಿಂಪಿಕ್ ಫೈನಲ್ ಅವರ ಕೈತಪ್ಪಿತು. ಹಿಂದಿನ ದಿನ ಮಿತಿಯೊಳಗೇ ತೂಗಿ ಮೂರು ಪಂದ್ಯಗಳನ್ನು ಗೆದ್ದಿದ್ದ ಅವರ ತೂಕ, ಪಂದ್ಯಗಳ ನಡುವೆ ಸೇವಿಸಿದ ಆಹಾರ ಮತ್ತು ನೀರಿನಿಂದ ಸಂಜೆಯ ವೇಳೆಗೆ ಮಿತಿಗಿಂತ 2.7 ಕೆ.ಜಿ. ಮೇಲೇರಿತ್ತು. ಇದನ್ನು ಬರೀ ದುರದೃಷ್ಟವೆಂದು ಕೈಬಿಡುವುದು ಸರಿಯಲ್ಲ. ನೀರು ಹಿಂಡಿಸಿಕೊಂಡ ದೇಹವು ಮತ್ತೆ ನೀರು ಮತ್ತು ಉಪ್ಪು ದೊರೆತೊಡನೆ ಎರಡನ್ನೂ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಎರಡನೆಯ ದಿನವೂ ತೂಗುವ ಕ್ರೀಡೆಯಲ್ಲಿ ಬೆವರನ್ನೇ ನಂಬಿ ತೂಕ ಇಳಿಸುವುದು ಬಹಳ ಅಪಾಯದ ದಾರಿ.

ಮೊದಲು ತಿಳಿಯಬೇಕಾದದ್ದು, ತೂಗಿದ ಮೇಲೆ ಕಣಕ್ಕಿಳಿಯಲು ಎಷ್ಟು ಗಂಟೆ ಸಿಗುತ್ತದೆ ಎಂಬುದು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಹಿಂದಿನ ದಿನವೇ ತೂಗುತ್ತಾರೆ. ಅಂತರರಾಷ್ಟ್ರೀಯ ಕುಸ್ತಿಯಲ್ಲಾದರೋ ಅದೇ ಬೆಳಿಗ್ಗೆ ತೂಗಿ, ಕೆಲವೇ ಗಂಟೆಗಳಲ್ಲಿ ಸೆಣಸಬೇಕು. ಬೆವರಿನೊಂದಿಗೆ ರಕ್ತದ ದ್ರವಾಂಶವೂ ಇಳಿಯುವುದರಿಂದ ಹೃದಯವು ಅದೇ ಕೆಲಸಕ್ಕೆ ಹೆಚ್ಚು ಬಾರಿ ಬಡಿಯಬೇಕಾಗುತ್ತದೆ, ಮೈಯ ಬಿಸಿ ಹೊರಹೋಗುವುದು ನಿಧಾನವಾಗುತ್ತದೆ. ಉಪವಾಸದಿಂದ ಸ್ನಾಯುಗಳ ಗ್ಲೈಕೋಜನ್, ಅಂದರೆ ಶಕ್ತಿಗಾಗಿ ಕೂಡಿಟ್ಟ ಸಕ್ಕರೆಯಂಶ, ಬರಿದಾದರೆ ಅದು ಮತ್ತೆ ತುಂಬಲು ಸುಮಾರು ಒಂದು ದಿನ ಬೇಕು. ಮೊದಲ ಪಟ್ಟಿನಲ್ಲಿ ಚುರುಕಾಗಿರುವ ಪೈಲ್ವಾನ ಎರಡನೆಯ ಸುತ್ತಿನಲ್ಲಿ ಹಿಡಿತ ಸಡಿಲಿಸುವುದಕ್ಕೆ ಅನೇಕ ಸಲ ಇದೇ ಕಾರಣ.

ಹಾಗಾಗಿ ತಯಾರಿ ವಾರಗಳ ಮೊದಲೇ ಆರಂಭವಾಗಬೇಕು. 78 ಕೆ.ಜಿ. ಇರುವವರು 74ರ ವರ್ಗಕ್ಕೆ ಇಳಿಯುವುದಾದರೆ, ವಾರಕ್ಕೆ ಅರ್ಧ ಕೆ.ಜಿ.ಯಂತೆ ಆರು ವಾರಗಳಲ್ಲಿ 75ಕ್ಕೆ ಬರಲಿ. ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 2 ಗ್ರಾಂ ಪ್ರೋಟೀನ್ ಸಿಗುವಂತೆ ಮೊಟ್ಟೆ, ಮೊಸರು, ಬೇಳೆ, ಮೀನುಗಳನ್ನು ಹಂಚಿಕೊಂಡು ತಿಂದು, ಎಣ್ಣೆ ಮತ್ತು ಸಿಹಿಯನ್ನು ಕಡಿಮೆ ಮಾಡಿದರೆ ಸ್ನಾಯು ಉಳಿದು ಕೊಬ್ಬು ಕರಗುತ್ತದೆ.

ಉಳಿದ ಒಂದು ಕೆ.ಜಿ.ಗೆ ಕರುಳಿನತ್ತ ನೋಡಬೇಕು. ನಾರಿನಂಶವು ನೀರನ್ನು ಹೀರಿ ಕರುಳಿನಲ್ಲಿ ಉಳಿಯುವುದರಿಂದ, ಕೊನೆಯ ಮೂರು ದಿನ ರಾಗಿ ಮುದ್ದೆ, ಸೊಪ್ಪು, ಕಾಳು, ಸಿಪ್ಪೆಸಹಿತ ಹಣ್ಣುಗಳನ್ನು ಬಿಟ್ಟು ಬಿಳಿ ಅನ್ನ, ಮೊಸರು, ಮೊಟ್ಟೆಯ ಬಿಳಿಭಾಗಗಳಿಗೆ ಬರುವುದು ಒಳ್ಳೆಯದು. ಗರಡಿಯಲ್ಲಿ ಒಳ್ಳೆಯ ಊಟವೆಂದು ಕಲಿತದ್ದನ್ನೇ ಬಿಡುವುದು ಕಷ್ಟವಾದರೂ, ಬೆವರು ಸುರಿಸದೆ ತೂಕ ತಗ್ಗುವ ದಾರಿ ಇದು. ಉಪ್ಪನ್ನೂ ಆ ದಿನಗಳಲ್ಲಿ ತುಸು ಕಡಿಮೆ ಮಾಡಬಹುದು.

ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಬಿಸಿ ಕೋಣೆಯಲ್ಲಿ ಓಡುವುದನ್ನು ನಾನು ಯಾರಿಗೂ ಹೇಳಲಾರೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಪ್ರಾಣ ಕಳೆದುಕೊಂಡರು. ಆ ಬಳಿಕವೇ ಅಲ್ಲಿ ಸೌನಾ ಮತ್ತು ರಬ್ಬರ್ ಉಡುಪುಗಳನ್ನು ನಿಷೇಧಿಸಲಾಯಿತು. ಮೂತ್ರ ಹೆಚ್ಚಿಸುವ ಮಾತ್ರೆಗಳು ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಲ್ಲಿವೆ. ಆಸ್ಪತ್ರೆಯ ಚಿಕಿತ್ಸೆಯಂತಹ ವಿನಾಯಿತಿಗಳ ಹೊರತು, 12 ಗಂಟೆಗಳಲ್ಲಿ 100 ಮಿ.ಲೀ.ಗಿಂತ ಹೆಚ್ಚು ಡ್ರಿಪ್ ಹಾಕಿಸಿಕೊಳ್ಳುವುದೂ ನಿಷಿದ್ಧ.

ತೂಗಿದ ಮೇಲೆ ಗಟಗಟನೆ ನೀರು ಕುಡಿದರೆ ಹೊಟ್ಟೆ ಭಾರವಾಗಿ, ಹೆಚ್ಚಿನದು ಮೂತ್ರವಾಗಿ ಹೋಗುತ್ತದೆ. ಒಂದು ಲೀಟರ್ ನೀರಿಗೆ ಬೆರೆಸುವ ಓಆರ್‌ಎಸ್ ಪೊಟ್ಟಣವನ್ನು ಅಷ್ಟೇ ನೀರಿಗೆ ಹಾಕಿ, ಲೋಟದಷ್ಟನ್ನು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕುಡಿಯಿರಿ. ಜೊತೆಗೆ ಬಾಳೆಹಣ್ಣು, ಜೇನು ಸವರಿದ ಬ್ರೆಡ್ ಅಥವಾ ಉಪ್ಪು ಹಾಕಿದ ತೆಳು ಗಂಜಿ ಸಾಕು. ಮರುದಿನವೂ ತೂಗಬೇಕಿದ್ದರೆ ಪ್ರತಿ ಪಂದ್ಯದ ನಂತರ ತೂಕ ನೋಡಿ, ಮಿತಿಗಿಂತ ಎಷ್ಟು ಮೇಲಿದ್ದೀರಿ ಎಂದು ವಸ್ತಾದರೊಂದಿಗೆ ಕುಳಿತು ಲೆಕ್ಕ ಹಾಕಿಯೇ ಮುಂದಿನ ಊಟ ಮಾಡಬೇಕು.

ಈ ಇಡೀ ಕ್ರಮವನ್ನು ಚಿಕ್ಕ ಪಂದ್ಯವೊಂದಕ್ಕೆ ಮೊದಲು ಪ್ರಯೋಗಿಸಿ ನೋಡಿ. ಹದಿನೆಂಟು ತುಂಬದ, ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ಮಾತ್ರ ಇದಾವುದೂ ಬೇಡ. ತೂಕ ಏರಿದರೆ ಅವರನ್ನು ಮೇಲಿನ ವರ್ಗದಲ್ಲಿ ಆಡಿಸಿ.