ಜುಲಾ ಕಲಿತದ್ದು ಗೇರುಬೀಜದ ಸಂತೆಯಲ್ಲಿ

ಐವರಿ ಕೋಸ್ಟ್‌ನ ಕೊರೊಗೊ ಊರಿಗೆ ಹೋದ ಮೊದಲ ವಾರ. ಸಂತೆಯಲ್ಲಿ ಒಬ್ಬ ಹೆಂಗಸಿನ ಹತ್ತಿರ ಟೊಮೆಟೊ ಗುಡ್ಡೆಯ ಬೆಲೆ ಕೇಳಿದೆ. ‘ಕೆಮೆ’ ಅಂದರು. ಅಲ್ಲಿನ ಸಂತೆಯ ಭಾಷೆ ಜುಲಾದಲ್ಲಿ ಕೆಮೆ ಅಂದರೆ ನೂರು, ಅಷ್ಟು ಕಲಿತಿದ್ದೆ. ನೂರು ಫ್ರಾಂಕಿನ ನಾಣ್ಯ ಚಾಚಿದೆ. ಅವರು ಮುಟ್ಟಲೇ ಇಲ್ಲ. ಮತ್ತೆ ‘ಕೆಮೆ’ ಅಂದರು. ಪಕ್ಕದಲ್ಲಿದ್ದ ಹುಡುಗ ನನ್ನ ಅಂಗೈಯಿಂದ 500ರ ನಾಣ್ಯ ಆರಿಸಿ ಅವರಿಗೆ ಕೊಟ್ಟ.

ನಾನು ಕಾರ್ಕಳ ಕಡೆಯವನು. ನಮ್ಮ ಕರಾವಳಿಯ ಗೇರುಬೀಜ ಕಾರ್ಖಾನೆಗಳಿಗೆ ಇಲ್ಲಿನ ಬೆಳೆ ಸಾಲುವುದಿಲ್ಲ. ಕಚ್ಚಾ ಬೀಜ ಆಫ್ರಿಕಾದಿಂದ ಬರುತ್ತದೆ, ಅದರಲ್ಲೂ ಐವರಿ ಕೋಸ್ಟ್‌ನಿಂದ ಜಾಸ್ತಿ. ಅಲ್ಲಿ ಬೀಜ ನೋಡಿ ಕೊಳ್ಳುವುದು ನನ್ನ ಕೆಲಸ. ಆಫೀಸಿನ ಭಾಷೆ ಫ್ರೆಂಚ್. ಕೊರೊಗೊ ಸುತ್ತಲಿನ ರೈತರು ಮನೆಯಲ್ಲಿ ಆಡುವುದು ಸೆನುಫೊ. ಆದರೆ ವ್ಯಾಪಾರ ಅಂತ ಬಂದರೆ ಎಲ್ಲರೂ ಜುಲಾಕ್ಕೆ ಇಳಿಯುತ್ತಾರೆ. ಜುಲಾ ಅನ್ನುವ ಮಾತಿಗೇ ವ್ಯಾಪಾರಿ ಅಂತ ಅರ್ಥ. ಕಾಡಿನ ಕಡೆಯಿಂದ ಕೋಲಾ ಕಾಯಿ, ಮರುಭೂಮಿ ಕಡೆಯಿಂದ ಉಪ್ಪು, ನಡುವೆ ಚಿನ್ನ, ಹೀಗೆ ಶತಮಾನಗಟ್ಟಲೆ ಓಡಾಡಿದ ಜನ ಇವರು. ಅವರು ನಡೆದ ದಾರಿಯಲ್ಲೆಲ್ಲ ಭಾಷೆಯೂ ನೆಲೆಯಾಯಿತು. ಬುರ್ಕಿನಾ ಫಾಸೊದ ಬೋಬೊ-ಜುಲಾಸೊ ಪಟ್ಟಣದ ಹೆಸರಲ್ಲೇ ಜುಲಾ ಇದೆ. ಅದು ಬೋಬೊ ಮತ್ತು ಜುಲಾ ಜನರ ಮನೆ.

ಟೊಮೆಟೊ ಲೆಕ್ಕಕ್ಕೆ ಬರುತ್ತೇನೆ. ಜುಲಾದಲ್ಲಿ ದುಡ್ಡನ್ನು ಐದೈದಾಗಿ ಎಣಿಸುತ್ತಾರೆ. 5 ಫ್ರಾಂಕ್ ಸೇರಿದರೆ ಒಂದು ದೊರೊಮೆ. ‘ತಾನ್’ ಅಂದರೆ ಹತ್ತು, ದುಡ್ಡಿನಲ್ಲಿ 50 ಫ್ರಾಂಕ್. ‘ಮುಗಾನ್’ ಅಂದರೆ ಇಪ್ಪತ್ತು, ಅದು 100 ಫ್ರಾಂಕ್. ಕೆಮೆ ಅಂದರೆ 500. ನಾವು ಐವತ್ತು ಪೈಸೆಗೆ ಈಗಲೂ ಎಂಟಾಣೆ ಅನ್ನುವುದಿಲ್ವಾ, ಹಾಗೆ. 2023ರಲ್ಲಿ ಸರ್ಕಾರ ಗೇರುಬೀಜಕ್ಕೆ ಕಿಲೋಗೆ 315 ಫ್ರಾಂಕ್ ಕನಿಷ್ಠ ಬೆಲೆ ಕಟ್ಟಿತ್ತು. ರೈತರ ಬಾಯಲ್ಲಿ ಅದು ಅರವತ್ತಮೂರು. ಮನಸ್ಸಲ್ಲೇ ಐದರಿಂದ ಗುಣಿಸುವ ಅಭ್ಯಾಸ ಆಗುವ ತನಕ ನಾನು ಒಬ್ಬನೇ ಬೆಲೆ ಮಾತಾಡಲಿಲ್ಲ. ದಿನಾ ಬೆಳಿಗ್ಗೆ ಬೇಳೆವಡೆ ಮಾರುವವರ ಹತ್ತಿರ ನಿಂತು ಬೇರೆಯವರ ವ್ಯಾಪಾರ ಕೇಳುತ್ತಿದ್ದೆ. ಬಾಯಿಂದ ಯಾವ ಸಂಖ್ಯೆ ಬಂತು, ಕೈಯಿಂದ ಯಾವ ನಾಣ್ಯ ಹೋಯಿತು, ಎರಡನ್ನೂ ಬರೆದುಕೊಳ್ಳುತ್ತಿದ್ದೆ. ಪುಸ್ತಕ ಹಿಡಿದು ಕೂತಿದ್ದಕ್ಕಿಂತ ಇದರಿಂದ ಬೇಗ ಬಂತು.

ವ್ಯಾಕರಣ ಕನ್ನಡದವರಿಗೆ ಕಷ್ಟವಿಲ್ಲ. ‘ನೆ ಬೆ ಮಾಲೊ ಸಾನ್’ ಅಂದರೆ ನಾನು ಅಕ್ಕಿ ಕೊಳ್ಳುತ್ತೇನೆ. ಮಾಲೊ ಅಕ್ಕಿ, ಸಾನ್ ಕೊಳ್ಳುವುದು. ಫ್ರೆಂಚಿನ ಹಾಗೆ ತಿರುವುಮುರುವು ಇಲ್ಲ, ನಮ್ಮ ಹಾಗೇ ಅಕ್ಕಿ ಮೊದಲು, ಕೊಳ್ಳುವುದು ಕೊನೆಗೆ. ‘ಸೊ ಕೊನೊ’ ಅಂದರೆ ಮನೆ ಒಳಗೆ. ಅಲ್ಲೂ ‘ಒಳಗೆ’ ಆಮೇಲೇ ಬರುತ್ತದೆ. ಕಷ್ಟವಿರುವುದು ದನಿಯ ಏರಿಳಿತದಲ್ಲಿ. ‘ಬಾ’ ಅನ್ನುವುದನ್ನು ಏರಿಸಿ ಹೇಳಿದರೆ ಹೊಳೆ, ಇಳಿಸಿ ಹೇಳಿದರೆ ಆಡು. ಇದು ಕಿವಿಗೆ ಹತ್ತಲು ನನಗೆ ಒಂದು ಇಡೀ ಸೀಸನ್ ಬೇಕಾಯಿತು.

ಎಲ್ಲಕ್ಕಿಂತ ಮುಖ್ಯ ಕ್ಷೇಮ ವಿಚಾರಿಸುವುದು. ಮೊದಮೊದಲು ನಾನು ಹೋದ ತಕ್ಷಣ ಗೋಣಿಚೀಲ ಬಿಚ್ಚಿಸಿ, ಬೀಜ ಕೊಯ್ದು ನೋಡಲು ಕೂರುತ್ತಿದ್ದೆ. ಎಷ್ಟೋ ಸಲ ‘ಚೀಲ ಆಗಲೇ ಮಾರಾಟವಾಗಿದೆ’ ಅನ್ನುವ ಉತ್ತರ ಬರುತ್ತಿತ್ತು. ಕಾಳು ಖರೀದಿಸುವ ಒಬ್ಬ ಜುಲಾ ಅಜ್ಜ ಅದನ್ನು ಗಮನಿಸಿ ಪಕ್ಕ ಕೂರಿಸಿಕೊಂಡರು. ‘ಇ ನಿ ಸೊಗೊಮಾ’ ಅಂತ ಬೆಳಗಿನ ಶುಭ ಹೇಳು. ಗಂಡಸಾದ ನೀನು ‘ಮ್‌ಬಾ’ ಅಂತ ಉತ್ತರ ಕೊಡಬೇಕು, ಹೆಂಗಸರು ‘ನ್‌ಸೆ’ ಅನ್ನುತ್ತಾರೆ. ‘ಹೆರೆ ಸಿರಾ?’ ಅಂತ ಕೇಳು, ರಾತ್ರಿ ನೆಮ್ಮದಿಯಾಗಿ ಕಳೆಯಿತಾ ಅಂತ. ಆಮೇಲೆ ಮನೆಯವರನ್ನು ಕೇಳು. ಕೆಲಸ ಮಾಡುತ್ತಿರುವವರನ್ನು ಕಂಡರೆ ‘ಇ ನಿ ಬಾರಾ’ ಅನ್ನದೆ ದಾಟಬೇಡ. ಇದನ್ನೆಲ್ಲ ನನ್ನಿಂದ ಹತ್ತು ಸಲ ಹೇಳಿಸಿದರು. ಮರುವಾರ ಅದೇ ಹಳ್ಳಿಗಳಲ್ಲಿ ಚೀಲಗಳು ತಾವಾಗೇ ಬಿಚ್ಚಿಕೊಂಡವು.

ಅಲ್ಲಿ ‘ಜಾಮು’ ಅಂದರೆ ಮನೆತನದ ಹೆಸರು. ಅದಿಲ್ಲದೆ ಮಾತು ಮುಂದೆ ಹೋಗುವುದಿಲ್ಲ. ಅಜ್ಜ ತಮ್ಮದೇ ಜಾಮು ನನಗೂ ಕೊಟ್ಟರು: ವತ್ತಾರಾ. 18ನೇ ಶತಮಾನದಲ್ಲಿ ಸೆಕು ವತ್ತಾರಾ ಕಟ್ಟಿದ ಕಾಂಗ್ ರಾಜ್ಯದ ಅರಸು ಮನೆತನದ ಹೆಸರು ಅದು. ಹಾಗಾಗಿ ಕಾಂಗ್ ನೋಡಲೇಬೇಕು ಅನ್ನಿಸಿ ಹೋಗಿ ಬಂದೆ. ಪಶ್ಚಿಮ ಆಫ್ರಿಕಾದ ಇನ್ನೊಬ್ಬ ದೊರೆ ಸಮೋರಿ ತೂರೆಯ ಸೈನ್ಯ 1897ರಲ್ಲಿ ಆ ಊರನ್ನು ಸುಟ್ಟಿತ್ತು. ಆಮೇಲೆ ಮತ್ತೆ ಕಟ್ಟಿದ ಮಣ್ಣಿನ ಮಸೀದಿ ಇವತ್ತೂ ಇದೆ. ಗೋಡೆಯಿಂದ ಮರದ ತುಂಡುಗಳು ಸಾಲಾಗಿ ಹೊರಗೆ ಚಾಚಿಕೊಂಡಿವೆ. ಗೋಡೆಗೆ ಮಣ್ಣು ಮೆತ್ತುವಾಗ ಅವನ್ನೇ ಹಿಡಿದು ಹತ್ತುತ್ತಾರೆ. 2021ರಲ್ಲಿ ಯುನೆಸ್ಕೊ ಅದನ್ನೂ ಸೇರಿಸಿ ಉತ್ತರದ ಎಂಟು ಮಸೀದಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು.

ಈಗ ನಾನು ಊರಲ್ಲಿದ್ದೇನೆ. ಫೆಬ್ರವರಿ ಬಂದರೆ ಅಜ್ಜನ ವಾಯ್ಸ್ ಮೆಸೇಜ್ ಬರುತ್ತದೆ. ‘ವತ್ತಾರಾ’ ಅಂತ ಕರೆದು, ಬೆಳಗು ಕೇಳಿ, ಅಮ್ಮನನ್ನು ಕೇಳಿ, ಹೆಂಡತಿ ಮಕ್ಕಳನ್ನು ಕೇಳಿ, ‘ಅಲ್ಲಾ ಕಾ’ ಅಂತ ಶುರುವಾಗುವ ಹಾರೈಕೆಗಳನ್ನು ಒಂದರ ಮೇಲೊಂದು ಹೇಳುತ್ತಾರೆ. ನಾನು ಇಲ್ಲಿಂದಲೇ ಒಂದೊಂದಕ್ಕೂ ‘ಅಮೀನಾ’ ಅನ್ನುತ್ತೇನೆ. ಈ ವರ್ಷ ಬೀಜ ಹೇಗಿದೆ ಅನ್ನುವುದು ಎರಡನೇ ಮೆಸೇಜಿನಲ್ಲಿ ಬರುತ್ತದೆ.